ಎರಡನೆಯ ಒಲೆಗೆ ಪರ್ಮಿಟ್

ನಾನು ನಿವೃತ್ತಳಾದದ್ದು ಜೋ ಅವರ ಎಡಮೊಣಕಾಲಿನ ಕಾರಣದಿಂದ. ಹ್ಯಾರಿಸನ್ನಿನ ರೈಲು ನಿಲ್ದಾಣದ ಹತ್ತಿರ, ಒಂದು ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಕಂಪನಿ ಇತ್ತು. ಜೋ ಲೈಸೆನ್ಸ್ ಇದ್ದ ಜನರಲ್ ಕಾಂಟ್ರ್ಯಾಕ್ಟರ್: ಮನೆಗಳಿಗೆ ಕೋಣೆ ಸೇರಿಸುವುದು, ಅಡುಗೆಮನೆ ಬದಲಿಸುವುದು, ಬೇಸ್‌ಮೆಂಟ್ ಕಟ್ಟುವುದು ಅವರ ಕೆಲಸ. ಅವರ ಕೈಕೆಳಗೆ ಎಸ್ಟಿಮೇಟ್ ಬರೆಯುವವಳು, ಟೌನ್ ಆಫೀಸಿನಿಂದ ಪರ್ಮಿಟ್ ತರುವವಳು, ಗಿರಾಕಿಗಳ ದೂರು ಕೇಳುವವಳು, ಮೂವರೂ ನಾನೇ. ಹನ್ನೊಂದು ವರ್ಷ ಹಾಗೆ ನಡೆಯಿತು. ಕಳೆದ ಚಳಿಗಾಲದಲ್ಲಿ ಡಾಕ್ಟರು ಇನ್ನು ಏಣಿ ಹತ್ತಬೇಡಿ ಎಂದರು. ಏಣಿ ಹತ್ತದ ಕಾಂಟ್ರ್ಯಾಕ್ಟರ್ ಬರೀ ಸೇಲ್ಸ್‌ಮನ್ ಎಂದು ಜೋ ಕಂಪನಿ ಮುಚ್ಚಿದರು. ಹೀಗಾಗಿ ಮೂವತ್ತೇಳನೆಯ ವಯಸ್ಸಿಗೆ ನಾನೂ ನಿವೃತ್ತಳು. ಬೀಳ್ಕೊಡುಗೆಗೆ ಕೆಳಗಿನ ಬೇಕರಿಯವರು ಕೇಕ್ ಕೊಟ್ಟರು. ಅದರ ಮೇಲೆ ಜೋ ಹೆಸರು ಮಾತ್ರ ಇತ್ತು.

ನಮ್ಮ ಕನ್ನಡ ಕೂಟದ ಇಬ್ಬರು ಹುಡುಗಿಯರು ಈಗ ಇದೇ ಕೆಲಸಕ್ಕೆ ಬೇರೆ ಬೇರೆ ಕಂಪನಿಗಳಿಗೆ ಸೇರಿದ್ದಾರೆ. ಯುಗಾದಿ ಊಟದಲ್ಲಿ ಸಿಕ್ಕಿ, "ಆಂಟಿ, ಟಿಪ್ಸ್ ಕೊಡಿ" ಎಂದರು. ನನಗೆ ದಿನಚರಿ ಬರೆಯುವ ಅಭ್ಯಾಸ. ಮೊದಲ ಬಾರಿ ಆಂಟಿ ಎನಿಸಿಕೊಂಡದ್ದನ್ನು ಆ ದಿನಾಂಕದ ಕೆಳಗೆ ಬರೆದಿಟ್ಟುಕೊಂಡೆ. ಟಿಪ್ಸ್ ನನ್ನ ಹತ್ತಿರ ಇಲ್ಲ. ನಡೆದದ್ದು ಇದೆ.

ಮೊದಲು ತಿಳಿಯಬೇಕಾದದ್ದು ಇಷ್ಟು. ನಮ್ಮವರು ಕಾಂಟ್ರ್ಯಾಕ್ಟರನ್ನು ಗೊತ್ತು ಮಾಡಿಕೊಳ್ಳುವುದು ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಉಪ್ಪಿಟ್ಟು, ಕೇಸರಿಬಾತು ಇರುತ್ತದೆ. ಮನೆಯ ಹಿರಿಯರು ಸೋಫಾದ ನಡುವೆ ಕೂತಿರುತ್ತಾರೆ. ಮೊದಲ ಪ್ರಶ್ನೆ, "ಯಾವೂರಮ್ಮ?" ದಾವಣಗೆರೆ ಎಂದರೆ ಅಲ್ಲಿ ಅವರಿಗೊಬ್ಬರು ಪರಿಚಯದವರು ಇದ್ದೇ ಇರುತ್ತಾರೆ, ಅವರು ನಮಗೂ ಗೊತ್ತಿರಬೇಕು. ಎರಡನೆಯ ಪ್ರಶ್ನೆ ಜೋ ಕಡೆಗೆ ಕಣ್ಣು ಹಾಯಿಸಿ, "ಇವ್ರು ಹೇಗೆ? ನಂಬಬಹುದಾ?" ಪಕ್ಕದಲ್ಲೇ ಕೂತಿರುವ ಮನುಷ್ಯನನ್ನು ನಂಬಬಹುದೇ ಎಂದು ಅವನಿಂದ ಸಂಬಳ ಪಡೆಯುವವಳನ್ನು ಕೇಳುವುದು ನಮ್ಮ ಜನಕ್ಕೆ ವಿಚಿತ್ರ ಅನಿಸುವುದಿಲ್ಲ. ಜೋ ಅಷ್ಟರಲ್ಲಿ ತಮ್ಮ ಲೈಸೆನ್ಸ್ ಕಾರ್ಡನ್ನೂ ವಿಮೆಯ ಪತ್ರವನ್ನೂ ಟೀಪಾಯಿಯ ಮೇಲೆ ಇಡುತ್ತಿದ್ದರು. ಅದರ ಮೇಲೆ ಉಪ್ಪಿಟ್ಟಿನ ತಟ್ಟೆ ಬರುತ್ತಿತ್ತು.

ಹನ್ನೊಂದು ವರ್ಷಗಳ ದಿನಚರಿ ಕೂಡಿಸಿ ನೋಡಿದ್ದೇನೆ. ನಮ್ಮವರ ಮನೆಗಳಿಗೆ ಮೊದಲ ಭೇಟಿ ಇನ್ನೂರಹನ್ನೆರಡು. ಊರು ಕೇಳಿದವರು ಇನ್ನೂರಹನ್ನೆರಡು. ಲೈಸೆನ್ಸ್ ಕೈಗೆತ್ತಿಕೊಂಡು ಓದಿದವರು ನಾಲ್ವರು. ಆದರೂ ಅದನ್ನು ಪ್ರತಿ ಸಲ ಟೀಪಾಯಿಯ ಮೇಲೆ ಇಡಿ. ಉಪ್ಪಿಟ್ಟು ಬರುವ ಮೊದಲು ಇಡಿ.

ಸೇರಿದ ಮೊದಲ ವರ್ಷ ನಾನು ಮಾಡಿದ ಎಡವಟ್ಟೊಂದನ್ನು ಹೇಳಿಬಿಡುತ್ತೇನೆ. ಮೆಟುಚೆನ್ ಹತ್ತಿರದ ಒಂದು ಮನೆಯವರು ಹಾಲಿನ ಮೂಲೆಯಲ್ಲಿ ದೇವರ ಕೋಣೆ ಕೇಳಿದರು. ಅವರ ಮಕ್ಕಳು ಅದನ್ನು ಟೆಂಪಲ್ ಅನ್ನುತ್ತಿದ್ದರು. ನಾನು ನಕ್ಷೆಯ ಮೇಲೆ ಅದನ್ನೇ ಬರೆದೆ. ಹತ್ತು ದಿನಕ್ಕೆ ಟೌನ್ ಆಫೀಸಿನಿಂದ ಪತ್ರ ಬಂತು: ಈ ಟೆಂಪಲ್‌ಗೆ ವಾರಕ್ಕೆ ಎಷ್ಟು ಭಕ್ತರು ಬರುತ್ತಾರೆ, ಎಷ್ಟು ಕಾರು ನಿಲ್ಲಿಸಲು ಜಾಗವಿದೆ, ಅಂಗವಿಕಲರಿಗೆ ಇಳಿಜಾರು ಎಲ್ಲಿ? ಕೋಣೆ ನಾಲ್ಕಡಿ ಅಗಲ, ಐದಡಿ ಉದ್ದ. ಭಕ್ತರು ಒಬ್ಬೊಬ್ಬರಾಗಿ ಅಡ್ಡ ತಿರುಗಿ ಒಳಗೆ ಹೋಗಬೇಕಿತ್ತು.

ಜೋ ಬೈಯಲಿಲ್ಲ. ಅವರು ಪೋರ್ಚುಗೀಸ್ ವಲಸಿಗರ ಮಗ, ಮಾತಾಡುವುದು ಇಂಗ್ಲಿಷ್. ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಸೂ," ಎಂದರು. ಸುಮಾ ಎನ್ನುವಷ್ಟು ಪುರುಸೊತ್ತು ಅವರಿಗೆ ಯಾವತ್ತೂ ಇರಲಿಲ್ಲ. "ಆಫೀಸಿನವರಿಗೆ ಮೂರೇ ಹೇಳಬೇಕು. ಎಷ್ಟು ಅಳತೆ, ಬೆಂಕಿ ಇದೆಯಾ, ನೀರು ಇದೆಯಾ. ಒಳಗೆ ಯಾರು ಇರ್ತಾರೆ ಅನ್ನೋದು ಮನೆಯವರ ವಿಷಯ. ದೇವರಾದ್ರೂ ಅಷ್ಟೆ, ಅತ್ತೆಯಾದ್ರೂ ಅಷ್ಟೆ. ಆದ್ರೆ ಬೆಂಕಿ ಇದ್ರೆ ಬೆಂಕಿ ಇದೆ ಅಂತ ಬರೀಬೇಕು. ಮುಚ್ಚಿಟ್ಟರೆ ನನ್ನ ಕಾರ್ಡು ಹೋಗುತ್ತೆ."

ಆಗ ನಾವು ಟೇಪು, ಪೆನ್ಸಿಲು ಹಿಡಿದು ಅಳೆಯುತ್ತಿದ್ದೆವು. ಜೋ ಟೇಪಿನ ಒಂದು ತುದಿ ಹಿಡಿದು ಕೂಗುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಆಮೇಲೆ ಫೋನನ್ನು ಗೋಡೆಯ ಕಡೆ ತಿರುಗಿಸಿದರೆ ಕೋಣೆಯ ನಕ್ಷೆ ತಾನೇ ಬರುವ ಕಾಲ ಬಂತು. ಅರ್ಜಿ ಹಾಕುವುದೂ ಕಂಪ್ಯೂಟರಿನಲ್ಲೇ ಆಯಿತು. ಕೌಂಟರಿನಲ್ಲಿ ನಿಂತು ಗುಮಾಸ್ತೆಯ ಮೊಮ್ಮಕ್ಕಳನ್ನು ವಿಚಾರಿಸಿ ಕೆಲಸ ಬೇಗ ಮಾಡಿಸಿಕೊಳ್ಳುವ ವಿದ್ಯೆ ನನ್ನ ಕಾಲದಲ್ಲೇ ಸತ್ತಿತು. ಈಚೆಗಂತೂ ಗಿರಾಕಿಗಳು ಯಂತ್ರದಿಂದ ಚಿತ್ರ ಬರೆಸಿಕೊಂಡೇ ಬರುತ್ತಾರೆ. ಪಾರ್ಸಿಪನಿಯ ಒಬ್ಬರು ತೋರಿಸಿದ ಚಿತ್ರದಲ್ಲಿ ಅಡುಗೆಮನೆ ಬಹಳ ಚೆನ್ನಾಗಿತ್ತು, ಒಳಗೆ ಹೋಗುವ ಬಾಗಿಲು ಮಾತ್ರ ಎಲ್ಲೂ ಇರಲಿಲ್ಲ. "ಇದೇ ಥರ ಬೇಕು" ಎಂದರು. ಜೋ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇವರು ಉಪವಾಸವಾ?" ಎಂದು ನನ್ನನ್ನು ಕೇಳಿದರು.

ಈಗ ಸಂದೇಶ್ ಮನೆಯ ವಿಷಯ. ಇದೊಂದನ್ನು ಓದಿ ಉಳಿದದ್ದು ಮರೆತರೂ ಚಿಂತೆಯಿಲ್ಲ.

ಮನೆ ಇದ್ದದ್ದು ಎಡಿಸನ್ ಪಕ್ಕದ ಒಂದು ಚಿಕ್ಕ ಊರಿನಲ್ಲಿ. ಊರಿನ ಹೆಸರು ಬೇಡ, ಅಲ್ಲಿಯವರು ಈಗಲೂ ನನ್ನ ಕಂಡರೆ ಕೈ ಬೀಸುತ್ತಾರೆ. ಸಂದೇಶ್ ಮೈಸೂರಿನ ಬ್ರಾಹ್ಮಣರ ಮನೆಯವನು, ಪಾರ್ಸಿಪನಿಯಲ್ಲಿ ಕೆಲಸ. ಹೆಂಡತಿ ಲವೀನಾ ಮಂಗಳೂರಿನ ಕ್ಯಾಥೊಲಿಕ್, ಫಾರ್ಮಸಿಸ್ಟ್, ಆಗ ನಾಲ್ಕು ತಿಂಗಳ ಬಸುರಿ. ಅವಳ ಅಮ್ಮನಿಗೆ ವೀಸಾ ಸಂದರ್ಶನದ ದಿನವೇ ಸಿಗುತ್ತಿರಲಿಲ್ಲ. ಹೀಗಾಗಿ ಬಾಣಂತನಕ್ಕೆ ಬಂದವರು ಅತ್ತೆ ಸಾವಿತ್ರಮ್ಮ. ಮೈಸೂರಿನ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೌಂಟರಿನ ಹಿಂದೆ ಕೂತು ನಿವೃತ್ತರಾದವರು. ಮಗನ ಮದುವೆಗೆ ಅವರು ಬಂದಿರಲಿಲ್ಲ. ಮೊಮ್ಮಗುವಿಗಾಗಿ ಬಂದರು. ಬಂದು ನೋಡಿದರೆ ಇರುವುದೊಂದೇ ಅಡುಗೆಮನೆ, ಅದರಲ್ಲಿ ಮೀನು. ಅವರು ರೈಸ್ ಕುಕ್ಕರನ್ನು ಮೇಲಿನ ತಮ್ಮ ಕೋಣೆಗೆ ತೆಗೆದುಕೊಂಡು ಹೋಗಿ, ಅನ್ನ ಮಾಡಿಕೊಂಡು, ಮೊಸರು ಕಲಸಿಕೊಂಡು, ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದರು. ಸೊಸೆ ಬಡಿಸಿದ್ದನ್ನು ಒಂದು ದಿನವೂ ಮುಟ್ಟಿರಲಿಲ್ಲ.

ಬೇಕಾಗಿದ್ದದ್ದು ಎರಡನೆಯ ಅಡುಗೆಮನೆ. ಹಿಂದಿನ ವರಾಂಡವನ್ನು ಮುಚ್ಚಿ, ಒಂದು ಒಲೆ, ಒಂದು ಸಿಂಕು. ಅದಾದರೆ ಅತ್ತೆ ಇರುತ್ತಾರೆ. ಆಗದಿದ್ದರೆ ಹೊರಡುತ್ತಾರೆ, ವಾಪಸ್ ಟಿಕೆಟ್ ಅವರ ಚೀಲದಲ್ಲೇ ಇತ್ತು.

ಮೊದಲ ಭೇಟಿಯಲ್ಲಿ ಸಾವಿತ್ರಮ್ಮ ಸೋಫಾದ ನಡುವೆ ಕೂತಿದ್ದರು. ಊರು ಕೇಳಿದರು. ಆಮೇಲೆ ಜೋ ಇಟ್ಟ ಕಾರ್ಡನ್ನು ತೆಗೆದುಕೊಂಡು ಎರಡೂ ಬದಿ ಓದಿದರು. "ಅವಧಿ ಮುಂದಿನ ಮಾರ್ಚಿಗೆ ಮುಗಿಯತ್ತೆ. ರಿನ್ಯೂ ಯಾರು ಮಾಡ್ತಾರೆ?" ಎಂದು ನನ್ನನ್ನು ಕೇಳಿದರು. ನಾಲ್ವರಲ್ಲಿ ಒಬ್ಬರು ಇವರೇ.

"ಇವರು ಯಾವ ದೇಶದವರು?"

"ಇಲ್ಲೇ ಹುಟ್ಟಿದ್ದು ಆಂಟಿ. ಅಪ್ಪ ಅಮ್ಮ ಪೋರ್ಚುಗಲ್‌ನವರು."

ಸಾವಿತ್ರಮ್ಮ ಸೊಸೆಯ ಕಡೆ ನೋಡಿದರು. "ಓಹೋ. ನಿಮ್ಮ ಕಡೆಯವರೇ ಹಾಗಾದ್ರೆ."

ಲವೀನಾ ನಕ್ಕುಬಿಟ್ಟಳು. "ನಮಗೆ ಸರ್‌ನೇಮ್ ಕೊಟ್ಟದ್ದು ಇವರ ಜನವೇ ಅಲ್ವಾ ಮಾರಾಯ್ರೇ. ಸರ್‌ನೇಮ್ ಕೊಟ್ಟವರು ಒಂದು ಕಿಚನ್ ಕೂಡ ಕಟ್ಟಿ ಕೊಡ್ಲಿ, ಹೇಳಿ ಅವರಿಗೆ."

ಹೇಳಿದೆ. ಜೋ ಆ ದಿನ ಎಂದಿಗಿಂತ ಹೆಚ್ಚು ಮಾತಾಡಿದರು. ಅವರ ಅಮ್ಮನ ಮನೆಯಲ್ಲೂ ಎರಡು ಅಡುಗೆಮನೆ ಇತ್ತಂತೆ. ಮೇಲಿನದು ನೆಂಟರಿಗೆ ತೋರಿಸಲು, ಬೇಸ್‌ಮೆಂಟಿನದು ಒಣಮೀನು ಬೇಯಿಸಲು. ಆ ಕಾಲದಲ್ಲಿ ಯಾರೂ ಪರ್ಮಿಟ್ ಕೇಳುತ್ತಿರಲಿಲ್ಲ. ಈಗ ಕೇಳುತ್ತಾರೆ. ಒಂದು ಮನೆಯಲ್ಲಿ ಎರಡು ಒಲೆ ಎಂದರೆ ಎರಡು ಸಂಸಾರ, ಅಂದರೆ ಬಾಡಿಗೆಗೆ ಕೊಡುವ ಹುನ್ನಾರ ಎಂದು ಟೌನಿನವರ ಅನುಮಾನ. ಅದಕ್ಕೆ ಎಲ್ಲಿ ಏನು ಕಟ್ಟಬಹುದೆಂದು ತೀರ್ಮಾನಿಸುವ ಝೋನಿಂಗ್ ಬೋರ್ಡಿನ ಮುಂದೆ ಹೋಗಿ ಒಪ್ಪಿಗೆ ತರಬೇಕು, ಸುತ್ತಲ ಮನೆಗಳಿಗೆಲ್ಲ ನೋಟಿಸ್ ಕಳಿಸಬೇಕು. ತಿಂಗಳುಗಳೇ ಹಿಡಿಯುತ್ತವೆ, ಹೆರಿಗೆಯೊಳಗೆ ಮುಗಿಯಬಹುದು, ಮುಗಿಯದೆಯೂ ಇರಬಹುದು ಎಂದರು ಜೋ. ನಾನು ಮೂರು ಪುಟದ ಎಸ್ಟಿಮೇಟ್ ಬರೆದುಕೊಟ್ಟೆ.

ಸಂದೇಶ್ "ಥ್ಯಾಂಕ್ಸ್, ಡಿಸ್ಕಸ್ ಮಾಡಿ ಹೇಳ್ತೀವಿ" ಎಂದ. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ವಾಕ್ಯವನ್ನು ಗುರುತಿಟ್ಟುಕೊಳ್ಳಿ.

ಡಿಸ್ಕಸ್ ಮಾಡಿದ್ದು ಪ್ರಕಾಶಣ್ಣನ ಜೊತೆ. ಪ್ರಕಾಶಣ್ಣ ವಾರವೆಲ್ಲ ಕಂಪ್ಯೂಟರ್ ಕೆಲಸ ಮಾಡಿ ಶನಿವಾರ ಭಾನುವಾರ ನಮ್ಮವರ ಬೇಸ್‌ಮೆಂಟ್ ಮಾಡಿಕೊಡುವವನು. ಒಳ್ಳೆಯ ಮನುಷ್ಯ, ದೇವಸ್ಥಾನದ ಅನ್ನಸಂತರ್ಪಣೆಯಲ್ಲಿ ಹುಳಿ ಬಡಿಸುವವನು, ಎಲ್ಲರಿಗೂ ಬೇಕಾದವನು. ಲೈಸೆನ್ಸ್ ಇಲ್ಲ. ಹುಳಿ ಬಡಿಸುವವನನ್ನು ಲೈಸೆನ್ಸ್ ಕೇಳುವುದು ಹೇಗೆ? ಅವನು ಸಂದೇಶನಿಗೆ ಹೇಳಿದ್ದು ಇಷ್ಟು: ಪರ್ಮಿಟ್ ನಿಮ್ಮ ಹೆಸರಲ್ಲೇ ತಗೊಳ್ಳಿ, ನಮ್ಮ ಮನೆ ಕೆಲಸ ನಾನೇ ಮಾಡ್ಕೊಳ್ತೀನಿ ಅಂತ ಸೈನ್ ಮಾಡಿ, ಸಾಮಾನಿಡೋ ಪ್ಯಾಂಟ್ರಿ ಅಂತ ಬರೀರಿ, ಒಲೆ ಕಡೇಲಿ ನೋಡ್ಕೊಳ್ಳೋಣ. ಸಂದೇಶ್ ಸೈನ್ ಮಾಡಿದ.

"ಅವನ ಕಾರ್ಡ್ ಎಲ್ಲಿ?" ಎಂದು ಸಾವಿತ್ರಮ್ಮ ಕೇಳಿದರಂತೆ. "ಅಮ್ಮ, ಪ್ರಕಾಶಣ್ಣ ನಮ್ಮವರು" ಎಂದನಂತೆ ಮಗ. "ನಮ್ಮವರು ಪಾರ್ಸೆಲ್ ತಂದ್ರೂ ನಾನು ತೂಕ ಹಾಕ್ತಿದ್ದೆ" ಎಂದು ಅವರು ಮೇಲೆ ಹೋದರಂತೆ.

ಎರಡು ತಿಂಗಳ ನಂತರ ಸಂದೇಶನ ಫೋನ್ ಬಂತು. ದನಿ ಸಣ್ಣಗಿತ್ತು. ಜೋ ಜೊತೆ ಹೋದೆ. ಬಾಗಿಲ ಮೇಲೆ ಕೆಲಸ ನಿಲ್ಲಿಸಿ ಎಂಬ ಕೆಂಪು ಕಾಗದ ಅಂಟಿತ್ತು. ವೈರಿಂಗ್ ನೋಡಲು ಬಂದ ಇನ್‌ಸ್ಪೆಕ್ಟರ್ ಗೋಡೆಯೊಳಗಿನ ಗ್ಯಾಸ್ ಪೈಪ್ ನೋಡಿ, ಪ್ಯಾಂಟ್ರಿಗೆ ಗ್ಯಾಸ್ ಯಾಕೆ ಎಂದು ಕೇಳಿದ್ದಾರೆ. ಮುಂದೆ ಬೇಕಾಗಬಹುದು ಅಂತ, ಎಂದಿದ್ದಾನೆ ಸಂದೇಶ್. ಇದನ್ನು ಜೋಡಿಸಿದವರು ಯಾರು ಎಂದರೆ, ಸೈನ್ ಮಾಡಿದವನು ತಾನಾದ್ದರಿಂದ, ನಾನೇ ಎನ್ನಬೇಕಾಯಿತು. ಹಾಗಾದರೆ ಒಂದು ಜಾಯಿಂಟ್ ಬಿಚ್ಚಿ ತೋರಿಸಿ ಎಂದು ಇನ್‌ಸ್ಪೆಕ್ಟರ್ ತಮ್ಮ ಸ್ಪ್ಯಾನರ್ ಕೊಟ್ಟಿದ್ದಾರೆ. ಸಂದೇಶ್ ಅದನ್ನು ಫೋನಿನ ಹಾಗೆ ಹಿಡಿದುಕೊಂಡು ನಿಂತನಂತೆ. ಪ್ರಕಾಶಣ್ಣ ಆ ಹೊತ್ತಿಗೆ ತಂಗಿಯ ಮದುವೆಗೆ ತುಮಕೂರಿನಲ್ಲಿದ್ದ.

ಅರ್ಧ ಕಟ್ಟಿದ ಗೋಡೆಯ ಮೇಲೆ ನಾನು ಬರೆದ ಮೂರು ಪುಟದ ಎಸ್ಟಿಮೇಟ್ ಟೇಪ್ ಹಾಕಿ ಅಂಟಿಸಿತ್ತು. ಮೇಲಿನ ನಮ್ಮ ಕಂಪನಿಯ ಹೆಸರನ್ನು ನೀಟಾಗಿ ಕತ್ತರಿಸಿದ್ದರು. ಜೋ ಅದನ್ನು ಓದಿ, "ಒಳ್ಳೆಯ ಎಸ್ಟಿಮೇಟ್. ಬರೆದವರು ಯಾರೋ ಕೆಲಸ ಗೊತ್ತಿದ್ದವರು" ಎಂದರು.

ಆ ಹೊತ್ತಿಗೆ ಲವೀನಾಳಿಗೆ ಆರು ತುಂಬಿತ್ತು. ಸಾವಿತ್ರಮ್ಮ ಟಿಕೆಟ್ಟಿನ ದಿನವನ್ನು ಹಿಂದಕ್ಕೆ ತರಿಸಿಕೊಂಡಿದ್ದರು.

"ಈ ಸಲ ನಿಮ್ಮನ್ನೇ ಹೈರ್ ಮಾಡ್ತೀವಿ," ಎಂದ ಸಂದೇಶ್. "ಆದ್ರೆ ಸುಮಾ ಅವರೇ, ಆ ಗ್ಯಾಸ್ ಪೈಪ್ ತೆಗೆದುಬಿಟ್ಟು ಪ್ಯಾಂಟ್ರಿ ಅಂತಲೇ ಮುಗಿಸಿ. ಇನ್‌ಸ್ಪೆಕ್ಷನ್ ಆದ್ಮೇಲೆ ಒಂದು ಇಂಡಕ್ಷನ್ ಒಲೆ ಇಡ್ತೀವಿ. ಯಾರಿಗೆ ಗೊತ್ತಾಗತ್ತೆ?"

ಜೋಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ನಾನು ಬೆಂಕಿಗೆ ಬೆಂಕಿ ಅಂತಲೇ ಬರೆಯೋದು. ಬೋರ್ಡಿಗೆ ಹೋಗೋಣ. ಬೇಡ ಅಂದ್ರೆ ಬೇಡ ಅಂತಾರೆ. ಆಗ ಆ ಗೋಡೆ ಒಡೆದು ವರಾಂಡ ವಾಪಸ್ ಮಾಡ್ಕೊಡ್ತೀನಿ."

"ಅಮ್ಮ ಹೊರಟುಹೋಗ್ತಾರೆ," ಎಂದ ಸಂದೇಶ್.

ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಸಾವಿತ್ರಮ್ಮ ಕೆಳಗೆ ಬಂದರು. "ಬೋರ್ಡಿನ ದಿನ ಯಾವತ್ತು?" ಎಂದು ನನ್ನನ್ನು ಕೇಳಿದರು. ಅಂದಾಜು ಹೇಳಿದೆ. "ಸರಿ. ಅಲ್ಲೀವರೆಗೆ ಇರ್ತೀನಿ. ಇಲ್ಲ ಅಂದ್ರೆ ಮಾರನೇ ದಿನ ಹೊರಡ್ತೀನಿ." ಟಿಕೆಟ್ ಮತ್ತೆ ಮುಂದಕ್ಕೆ ಹೋಯಿತು. ಅಷ್ಟು ಹೊತ್ತಿಗೆ ಆ ವಿಮಾನ ಕಂಪನಿಯವರಿಗೆ ಸಾವಿತ್ರಮ್ಮನ ಪರಿಚಯ ಚೆನ್ನಾಗಿ ಆಗಿರಬೇಕು.

ಬೋರ್ಡಿನ ಸಭೆ ಒಂದು ಬುಧವಾರ ಸಂಜೆ ಟೌನ್ ಹಾಲಿನಲ್ಲಿ. ನಮ್ಮದೇ ಮೊದಲ ಅರ್ಜಿ. ಎತ್ತರದ ಮೇಜಿನ ಹಿಂದೆ ಏಳು ಜನ, ನಡುವೆ ಅಧ್ಯಕ್ಷೆ, ಬಿಳಿಗೂದಲಿನ ಹೆಂಗಸು. ಲವೀನಾ ಎಂಟನೆಯ ತಿಂಗಳ ಹೊಟ್ಟೆ ಹೊತ್ತು ಮುಂದಿನ ಸಾಲಿನಲ್ಲಿ ಕೂತಿದ್ದಳು. ಎದುರು ಮನೆಯ ಮುದುಕರೊಬ್ಬರು ಆಕ್ಷೇಪಣೆಗೆ ಬಂದಿದ್ದರು. "ಒಳ್ಳೆ ಜನ, ನನಗೆ ಅವರ ಮೇಲೆ ಏನೂ ಇಲ್ಲ. ಆದ್ರೆ ಈಗ ಎರಡು ಅಡುಗೆಮನೆ, ಮುಂದಿನ ವರ್ಷ ಎರಡು ಸಂಸಾರ, ಆಮೇಲೆ ನಮ್ಮ ರಸ್ತೆ ತುಂಬ ಕಾರು" ಎಂದರು. ಬೋರ್ಡಿನವರು ತಲೆದೂಗಿದರು. ಅದೇ ಅವರ ಪ್ರಶ್ನೆಯೂ ಆಗಿತ್ತು.

ಸಂದೇಶ್ ಸ್ಲೈಡು ಮಾಡಿಕೊಂಡು ಬಂದಿದ್ದ. ಸಂಸ್ಕೃತಿ, ಸಸ್ಯಾಹಾರ, ಪರಂಪರೆ. ಜೋ ನಕ್ಷೆ ಹಿಡಿದು ಎರಡೇ ಮಾತು ಹೇಳಿದರು: ಇದು ಅಡುಗೆಮನೆ, ಒಲೆ ಇಲ್ಲಿದೆ. ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿ, "ಈ ಒಲೆಯಲ್ಲಿ ಅಡುಗೆ ಮಾಡುವವರು ಯಾರೋ ಅವರನ್ನು ಕೇಳಬಹುದೇ?" ಎಂದರು.

ಸಂದೇಶ್ ಕಾರಿನಲ್ಲೇ ಅಮ್ಮನಿಗೆ ಪಾಠ ಮಾಡಿದ್ದ. ಏನು ಕೇಳಿದರೂ ಯೆಸ್ ಅನ್ನಿ, ಒಂದೇ ಫ್ಯಾಮಿಲಿ ಅನ್ನಿ. ಸಾವಿತ್ರಮ್ಮನಿಗೆ ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಮಾತಾಡುವುದು ಕನ್ನಡದಲ್ಲೇ ಎಂದು ಹಟ ಹಿಡಿದು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಬೋರ್ಡಿನವರು ಅವರಿಂದ ಕೈ ಎತ್ತಿಸಿ ಪ್ರಮಾಣ ಮಾಡಿಸಿದರು. ಸಾವಿತ್ರಮ್ಮ ಕೈಯನ್ನು ಬಹಳ ನೆಟ್ಟಗೆ ಎತ್ತಿದರು.

"ನೀವೆಲ್ಲ ಒಂದೇ ಕುಟುಂಬವೇ?" ಎಂದು ಅಧ್ಯಕ್ಷೆ ಕೇಳಿದರು.

"ಮಗ ನನ್ನವನೇ," ಎಂದರು ಸಾವಿತ್ರಮ್ಮ. ನಾನು ಹಾಗೇ ಇಂಗ್ಲಿಷಿಗೆ ತಂದೆ.

"ಎಲ್ಲರೂ ಒಟ್ಟಿಗೆ ಕೂತು ಊಟ ಮಾಡ್ತೀರಾ?"

ಸಂದೇಶ್ ಹಿಂದಿನಿಂದ ಕೆಮ್ಮಿದ. "ಇಲ್ಲ," ಎಂದರು ಸಾವಿತ್ರಮ್ಮ. ಜೊತೆಗೆ ತಲೆಯನ್ನೂ ಅಲ್ಲಾಡಿಸಿದ್ದರಿಂದ ನಾನು ಅನುವಾದ ಮಾಡುವ ಅಗತ್ಯವೇ ಬರಲಿಲ್ಲ. ಎದುರು ಮನೆಯ ಮುದುಕರು ಕುರ್ಚಿಯಲ್ಲಿ ನೆಟ್ಟಗಾದರು. ಬೋರ್ಡಿನ ಒಬ್ಬ ಸದಸ್ಯ ಏನೋ ಬರೆದುಕೊಂಡ. ಜೋ ನಕ್ಷೆಯನ್ನು ಮಡಚತೊಡಗಿದರು.

"ಯಾಕೆ ಎಂದು ಕೇಳಬಹುದೇ?" ಎಂದರು ಅಧ್ಯಕ್ಷೆ.

"ಅವಳು ಕರೆಯಲ್ಲ."

ಇದನ್ನು ನಾನು ಅನುವಾದಿಸುವ ಮೊದಲೇ ಹಿಂದಿನಿಂದ ಲವೀನಾಳ ದನಿ ಬಂತು. "ಕರೆಯದೆ ಎಂತ ಅತ್ತೆ? ನೀವು ಬಂದ ತಿಂಗಳು ದಿನಾ ಕರ್ದೆ. ನೀವು ಬಾಗಿಲು ಹಾಕಿಕೊಂಡ್ರಿ."

"ಆ ತಿಂಗಳು ಕರೆದೆ. ಆಮೇಲೆ?"

"ಆಮೇಲೆ ನನಗೆ ಬೇಜಾರಾಯ್ತು."

"ನನಗೂ ಆಯ್ತು."

"ನಿಮಗೆ ಎಂತಕ್ಕೆ ಬೇಜಾರು? ಬಾಗಿಲು ಹಾಕಿದ್ದು ನೀವಲ್ವಾ?"

"ಹಾಕ್ಕೊಂಡೋರಿಗೇನು ಹಸಿವಾಗಲ್ವಾ? ಒಬ್ಬಳೇ ಗೋಡೆ ನೋಡ್ಕೊಂಡು ಎಷ್ಟು ದಿನ ಮೊಸರನ್ನ ತಿನ್ನೋದು?"

"ಏನು ಹೇಳುತ್ತಿದ್ದಾರೆ?" ಎಂದು ಅಧ್ಯಕ್ಷೆ ನನ್ನನ್ನು ಕೇಳಿದರು.

ಹನ್ನೊಂದು ವರ್ಷಗಳಲ್ಲಿ ಬೋರ್ಡಿನ ಮುಂದೆ ನಾನು ಬಹಳ ತಾಂತ್ರಿಕ ಉತ್ತರಗಳನ್ನು ಕೊಟ್ಟಿದ್ದೇನೆ. ಇದಕ್ಕೆ ಯಾವುದೂ ಹೊಂದಲಿಲ್ಲ. "ಊಟಕ್ಕೆ ಮೊದಲು ಯಾರು ಕರೆಯಬೇಕು ಎಂದು ತೀರ್ಮಾನ ಆಗುತ್ತಿದೆ, ಮೇಡಂ," ಎಂದೆ. ಅವರು ಪೆನ್ನು ಕೆಳಗಿಟ್ಟು, "ಆಗಲಿ, ಕಾಯುತ್ತೇವೆ" ಎಂದರು. ಅವರಿಗೂ ಸೊಸೆಯಂದಿರು ಇದ್ದಿರಬೇಕು.

ಸಾವಿತ್ರಮ್ಮ ಪೂರ್ತಿ ಹಿಂದಕ್ಕೆ ತಿರುಗಿದರು. "ಇನ್ನೊಂದು ಸಲ ಕರಿ."

"ಇಲ್ಲಿಯಾ?"

"ಇಲ್ಲೇ. ಪ್ರಮಾಣ ಮಾಡಿ ನಿಂತಿದೀನಿ, ಸುಳ್ಳು ಹೇಳೋಕಾಗಲ್ಲ. ನೀನು ಕರೆದ್ರೆ ಬರ್ತೀನಿ ಅಂತ ಹೇಳಬಹುದು."

ಲವೀನಾ ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಳು. ಸಂದೇಶ್ ಅವಳ ಮೊಣಕೈ ಹಿಡಿಯಲು ಹೋದ, ಅವಳು ಬಿಡಿಸಿಕೊಂಡಳು. "ಊಟಕ್ಕೆ ಬನ್ನಿ ಅತ್ತೆ," ಎಂದಳು. ದನಿಯಲ್ಲಿ ಸ್ವಲ್ಪ ಸಿಟ್ಟು ಇನ್ನೂ ಇತ್ತು.

ಸಾವಿತ್ರಮ್ಮ ಬೋರ್ಡಿನ ಕಡೆ ತಿರುಗಿ, ನನ್ನನ್ನು ಕೈಯಿಂದ ಪಕ್ಕಕ್ಕೆ ಸರಿಸಿ, "ಯೆಸ್. ಫ್ರಮ್ ಟುಡೇ" ಎಂದರು.

ಮತ ಹಾಕಿದಾಗ ಐದು ಜನ ಪರ, ಇಬ್ಬರು ವಿರುದ್ಧ. ಷರತ್ತುಗಳು ಮೂರು: ಹೊರಗಿನಿಂದ ಬೇರೆ ಬಾಗಿಲು ಇರಬಾರದು, ಬೇರೆ ಮೀಟರ್ ಇರಬಾರದು, ಎರಡು ಅಡುಗೆಮನೆಗಳ ನಡುವಿನ ಬಾಗಿಲಿಗೆ ಬೀಗ ಇರಬಾರದು. ಎದುರು ಮನೆಯ ಮುದುಕರು ಹೊರಗೆ ಬಂದು ಸಂದೇಶನ ಕೈ ಕುಲುಕಿ, ಕಾರನ್ನು ಮಾತ್ರ ಡ್ರೈವ್‌ವೇಯಲ್ಲೇ ನಿಲ್ಲಿಸು ಎಂದರು.

ಪಾರ್ಕಿಂಗ್ ಲಾಟಿಗೆ ನಾವೆಲ್ಲ ಒಟ್ಟಿಗೆ ಬಂದೆವು. ಗೆದ್ದವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

"ಇವತ್ತು ಏನು ಅಡುಗೆ?" ಎಂದು ಸಾವಿತ್ರಮ್ಮ ಕೇಳಿದರು.

ಲವೀನಾ ಗಂಡನ ಮುಖ ನೋಡಿದಳು. "ಬಂಗುಡೆ," ಎಂದಳು. "ಮಸಾಲೆ ಹಚ್ಚಿಟ್ಟಾಗಿದೆ. ಬೇಡ ಬಿಡಿ, ಫ್ರಿಜ್ಜಲ್ಲೇ ಇರ್ಲಿ. ನಿಮಗೆ ತಿಳಿಸಾರು ಮಾಡ್ತೇನೆ, ನನಗೂ ಅದೇ ಆಯ್ತು."

"ಯಾಕೆ ಇಡ್ತೀಯ? ಬಸುರಿ ಹೆಂಗಸು, ಬಾಯಿಗೆ ರುಚಿಸಿದ್ದು ತಿನ್ನಬೇಕು. ತಿಳಿಸಾರೂ ಮಾಡು. ನನಗೆ ಕಿಟಕಿ ಪಕ್ಕ ಜಾಗ ಇಡು, ಅಷ್ಟೆ."

ಅವರ ಮಾತನ್ನು ಜೋಗೆ ಹೇಳಿದೆ. ಅವರು ನಕ್ಕಾರು ಎಂದುಕೊಂಡಿದ್ದೆ. ಅವರ ಹುಬ್ಬು ಗಂಟಾಯಿತು. "ಊಟದ ಮೇಜಿನ ಪಕ್ಕದ್ದಾ? ಆ ಕಿಟಕಿ ತೆಗೆಯೋಕೆ ಬರಲ್ಲ, ಸೂ. ಹಳೇ ಮನೆ, ಹಿಂದಿನವರು ಚೌಕಟ್ಟಿನ ಮೇಲೇ ಬಣ್ಣ ಬಳಿದುಬಿಟ್ಟಿದ್ದಾರೆ. ನಾನು ಅಳತೆಗೆ ಹೋದಾಗ ನೋಡಿದ್ದೆ." ಹಾಗೆಂದು ತಮ್ಮ ಟ್ರಕ್ಕಿನ ಹಿಂಬದಿಯಿಂದ ಸಲಕರಣೆಯ ಪೆಟ್ಟಿಗೆ ತೆಗೆದು ಮುಂದಿನ ಸೀಟಿಗೆ ಹಾಕಿಕೊಂಡು ಸಂದೇಶನ ಕಾರಿನ ಹಿಂದೆಯೇ ಹೊರಟರು. ಪೆಟ್ಟಿಗೆಯ ಪಕ್ಕದಲ್ಲಿ ನಾನೂ ಕೂತಿದ್ದೆ.

ಕಿಟಕಿ ತೆಗೆಯುವುದು ಎಸ್ಟಿಮೇಟಿನಲ್ಲಿ ಇರಲಿಲ್ಲ, ಕಾಂಟ್ರ್ಯಾಕ್ಟಿನಲ್ಲಿ ಇರಲಿಲ್ಲ, ನಕ್ಷೆಯಲ್ಲೂ ಇರಲಿಲ್ಲ. ಲವೀನಾ ಸಾರಿಗೆ ಇಟ್ಟಳು, ಬಾಣಲೆ ಕಾಯಿಸಿದಳು. ಸಂದೇಶ್ ಮೇಲಿನ ಕೋಣೆಯಿಂದ ರೈಸ್ ಕುಕ್ಕರನ್ನು ಎತ್ತಿಕೊಂಡು ಬಂದು ಊಟದ ಮೇಜಿನ ಮೇಲೆ ಇಟ್ಟ. ಜೋ ಒಂದು ತೆಳು ಅಲಗನ್ನು ಚೌಕಟ್ಟಿನ ಸಂದಿಗೆ ತೂರಿಸಿ ಹಳೆಯ ಬಣ್ಣ ಕೊಯ್ಯತೊಡಗಿದರು. ಪುಡಿ ಸಾವಿತ್ರಮ್ಮನ ಸ್ವೆಟರಿನ ಮೇಲೆ ಬೀಳುತ್ತಿತ್ತು. ಅವರು ಜಾಗ ಬಿಟ್ಟು ಏಳಲಿಲ್ಲ. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಕೊಂಡು ಕೂತರು. ಎಣ್ಣೆಗೆ ಮೊದಲ ಮೀನು ಬಿದ್ದ ಸದ್ದಾಯಿತು. ಅವರು ಸೆರಗನ್ನು ಮೂಗಿಗೆ ಒತ್ತಿಕೊಂಡು ಜೋ ಕೈಗಳನ್ನೇ ನೋಡುತ್ತಿದ್ದರು. ಜೋ ಎಡಮೊಣಕಾಲನ್ನು ಗೋಡೆಗೆ ಒತ್ತಿ, ಎರಡೂ ಅಂಗೈಯಿಂದ ಚೌಕಟ್ಟನ್ನು ಮೇಲಕ್ಕೆ ತಳ್ಳಿದರು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಅದು ಕಿರ್ರೆಂದು ಎದ್ದಿತು. ನವೆಂಬರಿನ ಗಾಳಿ ಒಳಗೆ ನುಗ್ಗಿತು.

ಸಾವಿತ್ರಮ್ಮ ಮೂಗಿನಿಂದ ಸೆರಗು ತೆಗೆದರು. ಮುಚ್ಚಿದ ತಟ್ಟೆಯನ್ನು ಪಕ್ಕಕ್ಕಿಟ್ಟು, ಸಾರಿನ ಪಾತ್ರೆ ಹಿಡಿದು ಮಾರುದೂರದಲ್ಲಿ ನಿಂತೇ ಇದ್ದ ಸೊಸೆಯ ಕಡೆ ನೋಡಿದರು.

"ಬಾ, ಬಡಿಸು," ಎಂದರು.